ಸ್ಮಾರ್ಟ್ ಕ್ಲಾಸ್ ಕೊಟ್ಟಿದ್ದೀರಿ, ಅದನ್ನು ಹೆದರದೆ ಬಳಸಲೂ ಬಿಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಹಿರಿಯ ಅಧಿಕಾರಿಗಳೇ,

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಇಲಾಖೆಯಲ್ಲಿ ನಮ್ಮಂಥವರನ್ನು ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಟೀಚರ್ ಅಂತ ಕರೆಯುತ್ತಾರೆ. ನಮ್ಮದು ಹಳ್ಳಿ ಶಾಲೆ. ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರು, ಇಲ್ಲವೇ ಒಂದೆರಡು ಎಕರೆ ಮಳೆಯಾಶ್ರಿತ ಹೊಲ ಇರುವವರು.

ಕಂಪ್ಯೂಟರ್, ಪ್ರೊಜೆಕ್ಟರ್, ಟ್ಯಾಬ್, ಡಿಜಿಟಲ್ ಬೋರ್ಡ್ ಅಂತ ಶಾಲೆಗಳಿಗೆ ಬಹಳ ಸಾಮಾನು ಬಂದಿದೆ, ಇನ್ನೂ ಬರುತ್ತಿದೆ. ಬರಲಿ, ಒಳ್ಳೆಯದೇ. ಆದರೆ ನಾನು ಈ ಪತ್ರದಲ್ಲಿ ಹೊಸದೇನನ್ನೂ ಕೊಡಿ ಎಂದು ಕೇಳುತ್ತಿಲ್ಲ. ಈಗಾಗಲೇ ಕೊಟ್ಟಿರುವುದನ್ನು ಹೆದರದೆ ಬಳಸುವ ವ್ಯವಸ್ಥೆ ಮಾಡಿಕೊಡಿ ಎಂದು ಕೇಳುತ್ತಿದ್ದೇನೆ. ಹೆದರಿಕೆ ಅನ್ನುವುದನ್ನು ಬೇಕೆಂದೇ ಬರೆದಿದ್ದೇನೆ. ಎಷ್ಟೋ ಶಾಲೆಗಳಲ್ಲಿ ಪ್ರೊಜೆಕ್ಟರ್ ಬೀರುವಿನೊಳಗೇ ಕೂತಿದ್ದರೆ ಅದಕ್ಕೆ ಶಿಕ್ಷಕರ ಸೋಮಾರಿತನ ಕಾರಣ ಎಂದು ಸುಮ್ನೆ ಹೇಳಿಬಿಡುತ್ತಾರೆ. ತರಬೇತಿ ಸಾಲದು ಎಂದೂ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧ, ಕೆಟ್ಟರೆ ಯಾರು ಗತಿ ಅನ್ನುವ ಹೆದರಿಕೆ.

ಅದನ್ನು ಹೇಳುವ ಮೊದಲು, ಈ ಸಾಮಾನು ಬೀರುವಿನಿಂದ ಹೊರಗೆ ಬಂದರೆ ಏನಾಗುತ್ತದೆ ಅನ್ನುವುದನ್ನು ತಿಳಿಸಬೇಕು. ಇಲ್ಲದಿದ್ದರೆ ಇದು ಬರೀ ದೂರಿನ ಪತ್ರವಾಗುತ್ತದೆ.

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠವನ್ನೇ ತಗೊಳ್ಳಿ. ಸೂಕ್ಷ್ಮದರ್ಶಕ ಒಂದು, ಮಕ್ಕಳು ಐವತ್ತರ ಹತ್ತಿರ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೇ ತೋರಿಸಬೇಕು. ಒಂದು ಮಗುವಿಗೆ ಸಿಗುವುದು ಹತ್ತು ಹದಿನೈದು ಸೆಕೆಂಡು. ಅಷ್ಟರಲ್ಲಿ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ನೋಡಲು ಕಲಿಯಬೇಕು. ಎಷ್ಟೋ ಮಕ್ಕಳಿಗೆ ತಮ್ಮ ರೆಪ್ಪೆಯ ಕೂದಲೇ ಕಾಣುತ್ತದೆ. 'ಕಾಣ್ತಾ?' ಅಂತ ಕೇಳಿದರೆ, ಹಿಂದಿನವರು ತಳ್ಳುತ್ತಿರುತ್ತಾರೆ, 'ಹೂಂ ಟೀಚರ್' ಅಂದು ಹೋಗಿಬಿಡುತ್ತಾರೆ. ಅವರು ನೋಡಿದ್ದೇನು ಅನ್ನುವುದು ನಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಅದೇ ಸೂಕ್ಷ್ಮದರ್ಶಕದ ಕಣ್ಣುಗಾಜಿನ ಮೇಲೆ ಒಂದು ಮೊಬೈಲ್ ಇಟ್ಟು, ಅದನ್ನು ಕೇಬಲ್‌ನಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಿದರೆ ಕಥೆಯೇ ಬೇರೆ. ಊರ ಕೆರೆಯಿಂದ ಮಕ್ಕಳೇ ಬಾಟಲಿಯಲ್ಲಿ ತಂದ ನೀರು. ಅದರಲ್ಲಿ ಒಣಹುಲ್ಲು ಹಾಕಿ ಕೆಲವು ದಿನ ಬಿಟ್ಟರೆ ಪ್ಯಾರಮೀಸಿಯಂ ಚೆನ್ನಾಗಿ ಬೆಳೆಯುತ್ತದೆ. ಒಂದು ಹನಿ ಸ್ಲೈಡಿನ ಮೇಲೆ ಬಿಟ್ಟರೆ ಅದು ಒಂದು ಕಡೆ ನಿಲ್ಲುವುದಿಲ್ಲ, ಸರ್ರನೆ ಆ ಕಡೆ ಈ ಕಡೆ ಓಡುತ್ತದೆ. ಹನಿಯೊಳಗೆ ಹತ್ತಿಯ ಎರಡು ಮೂರು ಎಳೆ ಹಾಕಬೇಕು. ಆಗ ಎಳೆಗಳ ನಡುವೆ ಸಿಕ್ಕಿಕೊಂಡು ನಿಧಾನವಾಗುತ್ತದೆ. ಗೋಡೆಯ ಮೇಲೆ ಮೊಳದುದ್ದಕ್ಕೆ ಅದು ಹೊರಳುವುದನ್ನು ಇಡೀ ತರಗತಿ ಒಟ್ಟಿಗೆ ನೋಡುತ್ತದೆ. ಮೈಸುತ್ತ ಕೂದಲಿನಂಥ ಲೋಮಾಂಗಗಳು ಅಲ್ಲಾಡುವುದು ಕಾಣುತ್ತದೆ. ನಾನು ಕೋಲಿನಲ್ಲಿ ತೋರಿಸಿ ಕೇಳಬಹುದು, ಅವರು ಎದ್ದು ಬಂದು ಗೋಡೆಗೆ ಬೆರಳಿಟ್ಟು ಕೇಳಬಹುದು. 'ಟೀಚರ್, ಇದು ನಮ್ಮ ಕೆರೆ ನೀರಲ್ಲೇ ಇರೋದಾ? ನಾವು ಈಜಾಡೋವಾಗ ಬಾಯೊಳಗೆ ಹೋಗಿರುತ್ತಾ?' ಇಂಥ ಪ್ರಶ್ನೆ ಪುಸ್ತಕದ ಚಿತ್ರ ನೋಡಿ ಯಾರೂ ಕೇಳುವುದಿಲ್ಲ. ಅಲ್ಲಿಂದ ಕುಡಿಯುವ ನೀರು ಕಾಯಿಸುವ ಮಾತು, ಆಮಶಂಕೆಯ ಮಾತು, ಎಲ್ಲ ತಾನಾಗಿಯೇ ಬಂದವು. ಪಾಠ ಟಿಪ್ಪಣಿಯಲ್ಲಿ ಅವು ಇರಲೇ ಇಲ್ಲ.

ಗಮನಿಸಿ, ಇಲ್ಲಿ ಯಾವ ಕಂಪನಿಯ ವಿಡಿಯೊವೂ ಇಲ್ಲ. ಇಂಟರ್ನೆಟ್ ಕೂಡ ಇಲ್ಲ. ಶಾಲೆಯಲ್ಲಿ ಮೊದಲಿನಿಂದ ಇದ್ದ ಸೂಕ್ಷ್ಮದರ್ಶಕ, ನನ್ನ ಕೈಯಲ್ಲಿದ್ದ ಫೋನು, ಇಲಾಖೆ ಕೊಟ್ಟ ಪ್ರೊಜೆಕ್ಟರ್, ಕೆರೆಯ ನೀರು. ನನ್ನ ಮಟ್ಟಿಗೆ ಬಹುಮಾಧ್ಯಮ ಅಂದರೆ ಇದೇ. ಒಬ್ಬರಿಗೆ ಮಾತ್ರ ಕಾಣುವುದನ್ನು ಎಲ್ಲರಿಗೂ ಕಾಣಿಸುವುದು.

ಇನ್ನೊಂದು ಹೃದಯದ ಪಾಠ. ಹತ್ತನೇ ತರಗತಿಯಲ್ಲಿ ಇಮ್ಮಡಿ ಪರಿಚಲನೆ ಬರುತ್ತದೆ. ಪರೀಕ್ಷೆಗೆ ಚಿತ್ರ ಬರೆದು ಭಾಗ ಗುರುತಿಸಬೇಕು, ಹಾಗಾಗಿ ಮಕ್ಕಳು ಚಿತ್ರವನ್ನು ಬಾಯಿಪಾಠ ಮಾಡುತ್ತಾರೆ. ಬಾಣದ ಗುರುತು ಎಲ್ಲಿಂದ ಎಲ್ಲಿಗೆ ಅಂತ ನೆನಪಿಟ್ಟುಕೊಳ್ಳುತ್ತಾರೆ. ರಕ್ತ ಯಾಕೆ ಎರಡು ಸಲ ಹೃದಯಕ್ಕೆ ಬರುತ್ತದೆ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಮೂರು ನಿಮಿಷದ ಒಂದು ಅನಿಮೇಶನ್ ಇದೆ. ಕವಾಟ ತೆರೆಯುವುದು, ಮುಚ್ಚುವುದು, ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ ಎಡಭಾಗಕ್ಕೆ ತಿರುಗಿ ಬರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಧ್ವನಿ ಬಂದ್ ಮಾಡಿ ತೋರಿಸುತ್ತೇನೆ. ಮಕ್ಕಳೇ ಏನಾಗುತ್ತಿದೆ ಅಂತ ಹೇಳಬೇಕು. ಎರಡನೇ ಸಲ ನಾನು ಹೇಳುತ್ತೇನೆ. ಆಮೇಲೆ ಮಟನ್ ಅಂಗಡಿಯಿಂದ ತಂದ ಕುರಿಯ ಹೃದಯವನ್ನು ಟ್ರೇನಲ್ಲಿಟ್ಟು ಸೀಳುತ್ತೇವೆ. ಎಡಗಡೆಯ ಗೋಡೆ ಬಲಗಡೆಗಿಂತ ಎಷ್ಟು ದಪ್ಪ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. 'ಹಂಗಾದ್ರೆ ಲಬ್ ಡಬ್ ಅನ್ನೋದು ಕವಾಟ ಮುಚ್ಚೋ ಸದ್ದಾ ಟೀಚರ್?' ಅಂತ ಒಬ್ಬಳು ಕೇಳಿದಳು. ಹೌದು, ಅದೇ. ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಪರದೆಯ ಮೇಲೆ ನೋಡಿದ್ದನ್ನೂ ಎದೆಗೆ ಕೈಯಿಟ್ಟು ಕೇಳಿದ್ದನ್ನೂ ಅವಳೇ ಜೋಡಿಸಿಕೊಂಡಳು.

ಪರದೆ ಮಾತ್ರ ಇದ್ದರೆ ಹೀಗೆ ಆಗುತ್ತಿರಲಿಲ್ಲ. ಕುರಿಯ ಹೃದಯ ಮಾತ್ರ ಇದ್ದರೂ ಆಗುತ್ತಿರಲಿಲ್ಲ. ಸತ್ತ ಹೃದಯದಲ್ಲಿ ಕವಾಟ ಆಡುವುದಿಲ್ಲವಲ್ಲ.

ನಮ್ಮ ಗಣಿತದ ಮೇಷ್ಟ್ರು ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆಯನ್ನು ಹಿಡಿದು ಎಳೆದಾಡಲು ಮಕ್ಕಳಿಗೇ ಬಿಡುತ್ತಾರೆ. ಕೋನಗಳು ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತಿರುತ್ತದೆ. ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಫೆಟ್ ಸಿಮ್ಯುಲೇಶನ್‌ಗಳಿವೆ, ಅಂದರೆ ಪರದೆಯ ಮೇಲೆ ಮಕ್ಕಳೇ ಮಾಡಿ ನೋಡುವ ಪ್ರಯೋಗಗಳು. ಓಮ್‌ನ ನಿಯಮಕ್ಕೆ, ವಿದ್ಯುತ್ ಮಂಡಲಕ್ಕೆ ಅವನ್ನು ಬಳಸುತ್ತೇವೆ. ಕೆಲವು ಕನ್ನಡದಲ್ಲೇ ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಎಲ್ಲವೂ ಉಚಿತ. ಅಂದರೆ ಒಳ್ಳೆಯ ಬಹುಮಾಧ್ಯಮ ಪಾಠಕ್ಕೆ ಯಾವಾಗಲೂ ದುಡ್ಡು ಸುರಿಯಬೇಕಾಗಿಲ್ಲ. ಆದರೆ ಗುಂಡಿ ಒತ್ತಿದಾಗ ಯಂತ್ರ ಆನ್ ಆಗಬೇಕು. ಅಷ್ಟೇ.

ಈಗ ಹೆದರಿಕೆಯ ವಿಷಯಕ್ಕೆ ಬರುತ್ತೇನೆ.

ಪ್ರೊಜೆಕ್ಟರ್ ಶಾಲೆಗೆ ಬಂದ ದಿನ ದಾಸ್ತಾನು ವಹಿಯಲ್ಲಿ ಅದರ ಹೆಸರು, ಸೀರಿಯಲ್ ನಂಬರ್, ಬೆಲೆ ಬರೆಯುತ್ತಾರೆ. ಕೆಳಗೆ ಸಹಿ ಬೀಳುತ್ತದೆ. ಅವತ್ತಿನಿಂದ ಆ ಸಾಮಾನಿಗೆ ಸಹಿ ಹಾಕಿದವರು ಜವಾಬ್ದಾರರು. ಅವರು ವರ್ಗವಾದರೆ, ನಿವೃತ್ತರಾದರೆ ಚಾರ್ಜ್ ಕೊಡುವಾಗ ಅದು ಇರಬೇಕು, ಸುಸ್ಥಿತಿಯಲ್ಲಿ ಇರಬೇಕು. ಪಾಠದ ನಡುವೆ ಕೆಟ್ಟರೆ ಯಾರ ಕೈಯಲ್ಲಿ ಕೆಟ್ಟಿತು ಅನ್ನುವ ಪ್ರಶ್ನೆ ಏಳುತ್ತದೆ. ಬೀರುವಿನಲ್ಲಿಟ್ಟು ಐದು ವರ್ಷ ತೆಗೆಯದೆ, ಒಳಗೇ ಧೂಳು ತುಂಬಿ, ಬ್ಯಾಟರಿ ಉಬ್ಬಿ ಹೋದರೆ ಯಾವ ಪ್ರಶ್ನೆಯೂ ಏಳುವುದಿಲ್ಲ. ಸಾಮಾನು ಇದೆಯಾ ಅಂದರೆ ಇದೆ. ವಹಿ ಸರಿಯಾಗಿದೆ.

ಹೀಗಿರುವಾಗ ಒಬ್ಬ ಹೆಡ್ ಮಾಸ್ಟರ್ ಏನು ಮಾಡುತ್ತಾರೆ? ಬೀಗ ಹಾಕುತ್ತಾರೆ. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವವರಿಗೆ ಪಿಂಚಣಿ ಕಾಗದ ಸಲೀಸಾಗಿ ಸಾಗಲಿ ಅನ್ನುವ ಚಿಂತೆ ಇರುತ್ತದೆ. 'ಅಮ್ಮಾ, ಬಳಸಿ, ಬೇಡ ಅನ್ನಲ್ಲ. ಆದರೆ ಕೆಟ್ಟರೆ ನೀವೇ ನೋಡ್ಕೋಬೇಕು' ಅಂತಾರೆ. ನೋಡಿಕೊಳ್ಳುವುದು ಅಂದರೆ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸುವುದು. ಹಾಗೆ ಹಾಕಿದ ಶಿಕ್ಷಕರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಕೇಬಲ್ಲು, ಅಡಾಪ್ಟರು, ಸ್ಪೀಕರು ಎಲ್ಲ ಸ್ವಂತ ದುಡ್ಡಿನದು. ಅವರು ಇದನ್ನು ದೂರಿನಂತೆ ಹೇಳುವುದಿಲ್ಲ, ನಮ್ಮ ಮಕ್ಕಳಿಗಲ್ವಾ ಅನ್ನುತ್ತಾರೆ. ಆದರೆ ಒಂದು ರಾಜ್ಯದ ಯೋಜನೆ ಶಿಕ್ಷಕರ ಜೇಬಿನ ಮೇಲೆ ನಡೆಯಬಾರದು.

ಸಚಿವರೇ, ಒಂದೇ ಒಂದು ಸುತ್ತೋಲೆ ಈ ಹೆದರಿಕೆಯನ್ನು ಅರ್ಧಕ್ಕರ್ಧ ಇಳಿಸಬಲ್ಲದು. ತರಗತಿಯಲ್ಲಿ ಸಹಜವಾಗಿ ಬಳಸುವಾಗ ಕೆಟ್ಟ, ಸವೆದ ಉಪಕರಣದ ವೆಚ್ಚವನ್ನು ಶಿಕ್ಷಕರಿಂದಾಗಲಿ ಮುಖ್ಯ ಶಿಕ್ಷಕರಿಂದಾಗಲಿ ವಸೂಲಿ ಮಾಡುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಆಯಸ್ಸು ಮುಗಿದ ಸಾಮಾನನ್ನು ವಹಿಯಿಂದ ತೆಗೆದುಹಾಕುವ ಅಧಿಕಾರವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹಂತದಲ್ಲೇ ಕೊಡಿ, ಅದಕ್ಕೆ ಒಂದು ಪುಟದ ಸರಳ ಅರ್ಜಿ ಸಾಕು ಅನ್ನಿ. ಹಳೆಯ ಮಾನಿಟರ್‌ಗಳು, ಸಿಪಿಯುಗಳು ಒಂದು ಕೋಣೆಯನ್ನೇ ತುಂಬಿಕೊಂಡಿರುವ ಶಾಲೆಗಳಿವೆ. ಕೋಣೆ ಸಾಲದೆ ಎರಡು ತರಗತಿ ಒಟ್ಟಿಗೆ ಕೂರುವ ಊರಲ್ಲಿ ಸತ್ತ ಕಂಪ್ಯೂಟರ್‌ಗಳಿಗೆ ಒಂದು ಕೋಣೆ ಮೀಸಲಾಗಿದೆ.

ರಿಪೇರಿಯ ವಿಚಾರ ಹೊಸದೇನಲ್ಲ. ನಮ್ಮ ರಾಜ್ಯಕ್ಕೆ ಇದರ ಒಳ್ಳೆಯ ಪಾಠ ಐವತ್ತು ವರ್ಷದ ಹಿಂದೆಯೇ ಸಿಕ್ಕಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೊ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಸೈಟ್ ಅನ್ನುವ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಅಂತಲೇ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಪೇಟೆಯವರೂ ಟಿವಿ ನೋಡದ ಕಾಲ ಅದು. ಅಂಥ ಕಾಲದಲ್ಲಿ, ಅಂಥ ರಸ್ತೆಗಳಲ್ಲಿ, ಸೆಟ್ ಕೆಟ್ಟರೆ ಸರಿ ಮಾಡುವ ತಂಡಗಳನ್ನೂ ಯೋಜನೆಯೊಳಗೇ ಸೇರಿಸಿದ್ದರು. ಟಿವಿ ಕೊಡುವುದು ಒಂದು ಇಲಾಖೆ, ರಿಪೇರಿ ದೇವರಿಗೆ ಬಿಟ್ಟಿದ್ದು ಅಂತ ಮಾಡಲಿಲ್ಲ.

ಆಮೇಲಿನ ಯೋಜನೆಗಳಲ್ಲಿ ಆ ಎಚ್ಚರ ಅಷ್ಟಾಗಿ ಉಳಿಯಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಕಲಿಕೆಗಾಗಿಯೇ ಒಂದು ಉಪಗ್ರಹ! 2010ರಲ್ಲಿ ಅದರ ಆಯಸ್ಸು ಮುಗಿಯಿತು. 2004ರ ಕೊನೆಗೆ ಕೇಂದ್ರದ ಐಸಿಟಿ ಯೋಜನೆ ಬಂತು. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು, ಗುತ್ತಿಗೆ ಕಂಪನಿಗಳು ಬಂದವು, ಕಂಪ್ಯೂಟರ್ ಹೇಳಿಕೊಡುವ ಹುಡುಗರು ಹುಡುಗಿಯರು ಬಂದರು. ಗುತ್ತಿಗೆ ಮುಗಿದ ಮೇಲೆ ಅವರು ಹೋದರು, ಯಂತ್ರಗಳು ನಮ್ಮ ಪಾಲಿಗೆ ಉಳಿದವು. 2016-17ರಲ್ಲಿ ಟಾಲ್ಪ್ ಅನ್ನುವ, ತಂತ್ರಜ್ಞಾನದ ನೆರವಿನಿಂದ ಕಲಿಸುವ ಕಾರ್ಯಕ್ರಮ ಬಂತು. ಅದು ನಿಜಕ್ಕೂ ಒಳ್ಳೆಯ ಯೋಚನೆ, ಯಾಕೆಂದರೆ ಹೊರಗಿನವರನ್ನು ಬಿಟ್ಟು ಶಿಕ್ಷಕರಿಗೇ ಕಲಿಸಿದರು. ನನ್ನಂಥ ಎಷ್ಟೋ ಜನ ಒಂದು ಸ್ಲೈಡ್ ಮಾಡುವುದು, ವಿಡಿಯೊ ಕತ್ತರಿಸುವುದು ಕಲಿತದ್ದು ಅಲ್ಲೇ. ಕಲಿತು ಊರಿಗೆ ಬಂದರೆ ಯುಪಿಎಸ್ ಸತ್ತಿರುತ್ತಿತ್ತು.

ಯುಪಿಎಸ್ ಅಂದಾಗ ಕರೆಂಟಿನ ಮಾತೂ ಬರುತ್ತದೆ. 2023ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಸರ್ಕಾರಿ ಶಾಲೆಗಳಿಗೆ ವಿದ್ಯುತ್, ನೀರು ಉಚಿತ ಎಂದು ಸರ್ಕಾರ ಘೋಷಿಸಿತು. ಅದಕ್ಕೆ ಮನಸಾರೆ ಧನ್ಯವಾದ. ಬಿಲ್ಲು ಕಟ್ಟಲು ಪರದಾಡುತ್ತಿದ್ದ ದಿನಗಳು ನೆನಪಿವೆ. ಆದರೆ ಬಿಲ್ಲು ಮನ್ನಾ ಆದ ಮಾತ್ರಕ್ಕೆ ಕರೆಂಟು ಸರಿಯಾಗಿ ಬರುವುದಿಲ್ಲ. ವೋಲ್ಟೇಜ್ ಏರಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಬರುವುದು ಬೇಸಿಗೆ ರಜೆಯಲ್ಲಿ. ಶಾಲೆಯಲ್ಲಿ ಯಾರೂ ಇರುವುದಿಲ್ಲ. ಪ್ಲಗ್ ಹಾಗೇ ಬಿಟ್ಟಿದ್ದರೆ ಒಂದು ಸಿಡಿಲಿಗೆ ಬೋರ್ಡು, ಯುಪಿಎಸ್ಸು ಎರಡೂ ಹೋದವು. ಅರ್ಥಿಂಗ್ ಅನ್ನುವುದು ಬಹಳ ಶಾಲೆಗಳಲ್ಲಿ ಹೆಸರಿಗಷ್ಟೇ ಇದೆ. ಒಂದು ಗುಂಡಿ, ಇದ್ದಿಲು, ಉಪ್ಪು, ತಾಮ್ರದ ತಂತಿ, ಬೇಸಿಗೆಯಲ್ಲಿ ಆಗಾಗ ನಾಲ್ಕು ಕೊಡ ನೀರು. ಲಕ್ಷದ ಸಾಮಾನು ಉಳಿಸಲು ಇಷ್ಟಾದರೂ ಬೇಕು. ಸ್ಮಾರ್ಟ್ ಕ್ಲಾಸ್ ಟೆಂಡರ್‌ನಲ್ಲಿ ಪರದೆ ಎಷ್ಟು ಇಂಚು ಅಂತ ಬರೆಯುವವರು ಅರ್ಥಿಂಗ್ ಎಲ್ಲಿ, ಹೇಗೆ ಎಂದೂ ಬರೆದರೆ ಎಷ್ಟೋ ಉಪಕಾರ.

ದುಡ್ಡಿನ ಲೆಕ್ಕವನ್ನೂ ನೋಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಅನುದಾನ ಬರುತ್ತದೆ. ಮೂವತ್ತರೊಳಗೆ ಮಕ್ಕಳಿದ್ದರೆ 10,000 ರೂಪಾಯಿ. ನೂರರ ತನಕ 25,000. ಇನ್ನೂರೈವತ್ತರ ತನಕ 50,000. ಸೀಮೆಸುಣ್ಣ, ರಿಜಿಸ್ಟರ್, ಫಿನಾಯಿಲ್, ನಲ್ಲಿ ರಿಪೇರಿ, ಸುಣ್ಣಬಣ್ಣ ಎಲ್ಲ ಇದರಲ್ಲೇ. ಹತ್ತರಲ್ಲಿ ಒಂದು ಭಾಗವಾದರೂ ಸ್ವಚ್ಛತೆಗೆ ಹೋಗಬೇಕು. ಒಂದು ದೊಡ್ಡ ಯುಪಿಎಸ್ ಬ್ಯಾಟರಿಗೇ ಹತ್ತು ಸಾವಿರಕ್ಕಿಂತ ಜಾಸ್ತಿ ಆಗುತ್ತದೆ, ಮೂರು ನಾಲ್ಕು ವರ್ಷಕ್ಕೆ ಅದನ್ನು ಬದಲಿಸಲೇಬೇಕು. ಸಣ್ಣ ಶಾಲೆಯ ಪಾಲಿಗೆ ಬ್ಯಾಟರಿ ಅಂದರೆ ಇಡೀ ವರ್ಷದ ದುಡ್ಡು. ಶೌಚಾಲಯದ ಬಾಗಿಲೋ, ಬ್ಯಾಟರಿಯೋ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪ್ರಶ್ನೆ ಬಂದರೆ ನಾನೂ ಬಾಗಿಲಿಗೇ ಕೈ ಎತ್ತುತ್ತೇನೆ. ಹಾಗಾಗಿ ಉಪಕರಣಗಳ ನಿರ್ವಹಣೆಗೆ ಬೇರೆಯೇ ದುಡ್ಡು ಇಡಬೇಕು. ಅದು ಬೇರೆ ಖರ್ಚಿನ ಜೊತೆ ಪೈಪೋಟಿ ಮಾಡುವಂತಿರಬಾರದು.

ಪ್ರತಿ ತಾಲ್ಲೂಕಿನಲ್ಲೂ ಬಿಆರ್‌ಸಿ, ಅಂದರೆ ಶಿಕ್ಷಕರ ಸಂಪನ್ಮೂಲ ಕೇಂದ್ರ ಇದೆ. ಅಲ್ಲಿ ಒಬ್ಬ ತಂತ್ರಜ್ಞರನ್ನು ಕೂರಿಸಿ. ಐಟಿಐ, ಡಿಪ್ಲೊಮಾ ಮಾಡಿದ ಸ್ಥಳೀಯ ಯುವಕ ಯುವತಿಯರು ಬೇಕಾದಷ್ಟಿದ್ದಾರೆ. ಒಂದು ದ್ವಿಚಕ್ರ ವಾಹನ, ಒಂದು ಚೀಲದಲ್ಲಿ ಕೇಬಲ್, ಫ್ಯೂಸ್, ಹೆಚ್ಚುವರಿ ಅಡಾಪ್ಟರ್, ಒಂದು ಫೋನ್ ನಂಬರ್. ಸೋಮವಾರ ಕರೆ ಮಾಡಿದರೆ ಆ ವಾರದೊಳಗೆ ಬಂದು ನೋಡಬೇಕು. ಈಗ ಏನಾಗುತ್ತದೆ ಗೊತ್ತಾ? ಕಂಪನಿಯ ಟೋಲ್ ಫ್ರೀ ನಂಬರ್‌ಗೆ ಕರೆ ಮಾಡುತ್ತೇವೆ. ಅವರು ದೂರಿನ ಸಂಖ್ಯೆ ಕೊಡುತ್ತಾರೆ. ಬರುವಷ್ಟರಲ್ಲಿ ಆ ಪಾಠ ಮುಗಿದಿರುತ್ತದೆ, ಕೆಲವೊಮ್ಮೆ ಆ ಬ್ಯಾಚೇ ಮುಗಿದಿರುತ್ತದೆ. ನಡುವೆ ವಾರಂಟಿಯೂ ಮುಗಿದಿದ್ದರೆ ಹೇಳುವುದೇ ಬೇಡ.

ಪಾಠದ ಸಾಮಗ್ರಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಪಠ್ಯಪುಸ್ತಕದಲ್ಲಿ ಈಗ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನುವ ಸರ್ಕಾರಿ ಕಲಿಕಾ ತಾಣ ತೆರೆದುಕೊಳ್ಳುತ್ತದೆ. ಅದರಲ್ಲಿ ಒಳ್ಳೆಯವೂ ಇವೆ. ಆದರೆ ಬಹಳಷ್ಟು ಕಡೆ ವಿಡಿಯೊ ಅಂದರೆ ಒಬ್ಬರು ಬೋರ್ಡಿನ ಮುಂದೆ ನಿಂತು ಮಾಡುವ ಉಪನ್ಯಾಸ. ಅದನ್ನು ನಾನೇ ಮಾಡಬಲ್ಲೆ, ನನ್ನ ಮಕ್ಕಳ ಮುಖ ನೋಡಿಕೊಂಡು ಇನ್ನೂ ಚೆನ್ನಾಗಿ ಮಾಡಬಲ್ಲೆ. ನನಗೆ ಬೇಕಾದದ್ದು ನಾನು ತೋರಿಸಲಾಗದ್ದು. ಜ್ವಾಲಾಮುಖಿ ಉಕ್ಕುವುದು, ಕೋಶ ವಿಭಜನೆ, ಬೀಜ ಮೊಳೆಯುವುದನ್ನು ವೇಗವಾಗಿ ಓಡಿಸಿದ್ದು, ಸೋಡಿಯಂ ನೀರಿಗೆ ಬಿದ್ದಾಗ ಆಗುವುದು. ಎರಡು ಮೂರು ನಿಮಿಷದ ತುಣುಕುಗಳು ಸಾಕು. ಮಾತಿಲ್ಲದ ಒಂದು ಪ್ರತಿಯೂ ಇರಲಿ, ಮಾತು ನಾವು ಹೇಳುತ್ತೇವೆ. ಕಲಬುರಗಿಯ ಮಗುವಿಗೆ ಅಲ್ಲಿಯ ಮಾತಲ್ಲಿ, ಚಾಮರಾಜನಗರದ ಮಗುವಿಗೆ ಅಲ್ಲಿಯ ಮಾತಲ್ಲಿ. ತಾಂಡಾದಿಂದ ಬರುವ ಮಕ್ಕಳಿಗೆ ನಡುನಡುವೆ ಅವರ ಲಂಬಾಣಿಯ ಒಂದು ಪದ ಸೇರಿಸಿದರೆ ಮುಖ ಅರಳುತ್ತದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಒಂದೇ ಉಸಿರಿಗೆ ಓದಿದ ಕನ್ನಡಕ್ಕೆ ಇದು ಸಾಧ್ಯವಿಲ್ಲ.

ಪರದೆಯ ತುಂಬ ಅಕ್ಷರ ತುಂಬಿ ಅದನ್ನೇ ಗಟ್ಟಿಯಾಗಿ ಓದಿಸುವ ಸಾಮಗ್ರಿಯೂ ಬಹಳ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಈ ವಿಷಯವನ್ನು ದಶಕಗಳ ಕಾಲ ಪರೀಕ್ಷಿಸಿದ್ದಾರೆ. ಚಿತ್ರದ ಜೊತೆ ಮಾತು ಕೇಳಿದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಅದೇ ಮಾತನ್ನು ಪರದೆಯ ಮೇಲೆ ಬರೆದೂ ಇಟ್ಟರೆ ಕಣ್ಣು ಚಿತ್ರ ನೋಡಲೋ ಅಕ್ಷರ ಓದಲೋ ಅಂತ ಒದ್ದಾಡುತ್ತದೆ. ಅಲಂಕಾರಕ್ಕೆ ಹಾಕಿದ ಸಂಗೀತ, ಕುಣಿಯುವ ಗೊಂಬೆ ಕಲಿಕೆಗೆ ಅಡ್ಡಿ. ತರಗತಿಯಲ್ಲಿ ನಿಂತ ಯಾವ ಶಿಕ್ಷಕರೂ ಇದನ್ನು ಒಪ್ಪುತ್ತಾರೆ. ಸಾಮಗ್ರಿ ಕೊಳ್ಳುವ ಸಮಿತಿಗಳಲ್ಲಿ ಇಂಥ ಶಿಕ್ಷಕರು ಇಬ್ಬರಾದರೂ ಇರಲಿ. ಕಂಪನಿಯವರು ತೋರಿಸುವ ಮಾದರಿ ಪಾಠ ನೋಡಿ ಸಹಿ ಹಾಕಬೇಡಿ. ಒಂದು ಹಳ್ಳಿ ಶಾಲೆಯಲ್ಲಿ, ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲಿನ ಪೀರಿಯಡ್‌ನಲ್ಲಿ, ಅದನ್ನು ಓಡಿಸಿ ನೋಡಿ.

ಶಿಕ್ಷಕರೇ ಮಾಡಿದ ಸಾಮಗ್ರಿಯೂ ಕಡಿಮೆ ಏನಿಲ್ಲ. ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ) ಜೊತೆಗೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ನಮ್ಮವರೇ ಬರೆದ ಪಾಠಗಳಿವೆ. ಅದಕ್ಕಿಂತ ಹೆಚ್ಚು ಸಾಮಗ್ರಿ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿ ಕಳೆದುಹೋಗುತ್ತದೆ. ಅವನ್ನು ಒಟ್ಟು ಮಾಡಿ, ತಪ್ಪು ಒಪ್ಪು ನೋಡಿ, ಪಾಠವಾರು ಜೋಡಿಸಿ, ಪ್ರತಿ ಶಾಲೆಗೂ ಒಂದು ಪೆನ್‌ಡ್ರೈವ್‌ನಲ್ಲಿ ಕೊಡಿ. ಇಂಟರ್ನೆಟ್ ನೆಚ್ಚಿಕೊಂಡು ಪಾಠ ಮಾಡುವ ಸ್ಥಿತಿ ನಮ್ಮ ಕಡೆ ಇನ್ನೂ ಬಂದಿಲ್ಲ.

ಯಾಕೆ ಪೆನ್‌ಡ್ರೈವ್ ಅನ್ನುತ್ತೇನೆ ಅಂದರೆ, 2020 ನಮಗೆ ಕಲಿಸಿದ್ದು ಅದನ್ನೇ. ಕೊರೊನಾ ಬಂದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಕಷ್ಟಪಟ್ಟು ಮಾಡಿದ ಪಾಠಗಳು. ಆದರೆ ಟಿವಿ ಇಲ್ಲದ ಮನೆ, ಕೇಬಲ್ ಕಟ್ಟಿರದ ಮನೆ, ಪಾಠದ ಹೊತ್ತಿಗೆ ಕರೆಂಟು ಹೋಗುವ ಊರು ಎಷ್ಟು ಎಂದು ನಾವು ಓಣಿ ಓಣಿ ತಿರುಗಿ ನೋಡಿದೆವು. ಶಾಲೆ ಮುಚ್ಚಿದ್ದಾಗ ಊರೊಳಗೇ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮದಲ್ಲಿ ಗುಡಿಯ ಕಟ್ಟೆ, ಬೇವಿನ ಮರದ ಕೆಳಗೆ ಮಕ್ಕಳನ್ನು ಕೂರಿಸಿದಾಗ ಸಹಾಯಕ್ಕೆ ಬಂದದ್ದು ಮೊದಲೇ ಇಳಿಸಿಟ್ಟುಕೊಂಡಿದ್ದ ಪಾಠಗಳೇ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಆ ಮಕ್ಕಳಿಗೆ ತಮ್ಮದೇ ಟೀಚರ್ ಧ್ವನಿಯಲ್ಲಿ ಐದು ನಿಮಿಷದ ಪಾಠ ಅಪ್ಪನ ಫೋನಿಗೆ ಬಂದರೆ, ಶಾಲೆಯ ನಂಟು ಪೂರ್ತಿ ಕಡಿಯುವುದಿಲ್ಲ. ತಿರುಗಿ ಬಂದಾಗ ಶಾಲೆಯೊಳಗೆ ಕಾಲಿಡಲು ಸಂಕೋಚ ಪಡುವುದಿಲ್ಲ.

ಪಾಲಕರೂ ಈ ಪತ್ರ ಓದುತ್ತೀರಿ ಅಂದುಕೊಂಡಿದ್ದೇನೆ. 'ಮನೇಲೂ ಮೊಬೈಲು, ಶಾಲೇಲೂ ಟಿವಿ, ಮಕ್ಕಳು ಓದೋದು ಯಾವಾಗ?' ಅಂತ ನೀವು ಕೇಳುವುದು ನ್ಯಾಯವಾಗಿದೆ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಪರದೆಗೆ ಏಳೆಂಟು ನಿಮಿಷ ಸಾಕು. ಉಳಿದದ್ದು ಮಾತು, ಬರಹ, ಪ್ರಯೋಗ. ಇಡೀ ಪೀರಿಯಡ್ ವಿಡಿಯೊ ಹಾಕಿ ಶಿಕ್ಷಕರು ಕುರ್ಚಿಯಲ್ಲಿ ಕೂತರೆ ನೀವು ಬಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಅದೇ ಕಾರಣಕ್ಕೆ ಇಲಾಖೆಗೂ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕಾಗಿದೆ. ಶಿಕ್ಷಕರಿಲ್ಲದ ಶಾಲೆಗೆ ಸ್ಮಾರ್ಟ್ ಕ್ಲಾಸ್ ಬದಲಿಯಲ್ಲ. ಗಣಿತದ ಹುದ್ದೆ ಖಾಲಿ ಇದೆ, ವಿಡಿಯೊ ಹಾಕಿ ಸುಧಾರಿಸಿ ಅನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಮಗು ಎಲ್ಲಿ ಎಡವಿತು ಅಂತ ವಿಡಿಯೊಗೆ ತಿಳಿಯುವುದಿಲ್ಲ. ಉಸಿರುಗಟ್ಟಿ ಕೂತಿರುವ ಹಿಂದಿನ ಬೆಂಚಿನ ಹುಡುಗಿ ಅದಕ್ಕೆ ಕಾಣುವುದಿಲ್ಲ. ಖಾಲಿ ಹುದ್ದೆ ತುಂಬಿ, ಆಮೇಲೆ ಆ ಶಿಕ್ಷಕರ ಕೈಗೆ ಪ್ರೊಜೆಕ್ಟರ್ ಕೊಡಿ. ಇರುವ ಶಿಕ್ಷಕರಿಗೂ ಪಾಠ ಸಿದ್ಧ ಮಾಡಲು ಹೊತ್ತು ಬೇಕು. ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಾಣಕ್ಕೆ ಮಾಹಿತಿ ತುಂಬುವುದು, ಮೊಟ್ಟೆ ಲೆಕ್ಕ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ವಿಡಿಯೊ ಹುಡುಕುತ್ತಾ ಕೂರುವ ಶಿಕ್ಷಕಿಯರನ್ನು ನಾನು ಬಲ್ಲೆ.

ದಾನಿಗಳಿಗೆ, ಕಂಪನಿಗಳಿಗೆ, ಊರು ಬಿಟ್ಟು ಹೋಗಿ ಚೆನ್ನಾಗಿರುವ ಹಳೆ ವಿದ್ಯಾರ್ಥಿಗಳಿಗೆ: ನಿಮ್ಮ ಪ್ರೀತಿ ದೊಡ್ಡದು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಎರಡು ಶೇಕಡಾ ಸಮಾಜಕ್ಕೆ ಕೊಡಬೇಕು, ಅದರ ಒಂದು ಪಾಲು ನಮ್ಮ ಶಾಲೆಗಳಿಗೂ ಬರುತ್ತಿದೆ. ಕೊಡುವಾಗ ಯಂತ್ರದ ಜೊತೆ ಐದು ವರ್ಷದ ನಿರ್ವಹಣೆಯನ್ನೂ ಕೊಡಿ. ಹತ್ತು ಶಾಲೆಗೆ ಕೊಡುವ ದುಡ್ಡಿನಲ್ಲಿ ಆರು ಶಾಲೆಗೆ ಕೊಟ್ಟರೂ ಪರವಾಗಿಲ್ಲ. ಟೇಪು ಕತ್ತರಿಸಿದ ಮುಂದಿನ ವರ್ಷ ಒಮ್ಮೆ ಬಂದು ಪಾಠದ ಹೊತ್ತಿನಲ್ಲಿ ಕೂತು ಹೋಗಿ. ಮೊದಲೇ ಹೇಳಿ ಬರಬೇಡಿ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಶಾಲೆಯನ್ನು ತೆರೆದಿಟ್ಟಿದ್ದೆವು. ಒಬ್ಬರ ಫೋನಿನ ಹಾಟ್‌ಸ್ಪಾಟ್, ಶಾಲೆಯ ಪ್ರೊಜೆಕ್ಟರ್, ಬಿಳಿ ಗೋಡೆ. ಹೊಲದಿಂದ ಬಂದವರು ಬಂದ ಹಾಗೇ ಕೂತರು. 6 ಗಂಟೆ 4 ನಿಮಿಷಕ್ಕೆ ಲ್ಯಾಂಡರ್ ನೆಲ ಮುಟ್ಟಿದಾಗ ಎದ್ದ ಕೂಗು ಊರಾಚೆಗೆ ಕೇಳಿರಬೇಕು. ಆ ನಿಯಂತ್ರಣ ಕೊಠಡಿ ಇದ್ದದ್ದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ಅಂತ ಹೇಳಿದಾಗ ಒಬ್ಬ ಹುಡುಗ 'ಅಲ್ಲಿ ನಮ್ಮ ಮಾಮ ಫ್ಯಾಕ್ಟ್ರಿ ಕೆಲಸಕ್ಕೆ ಹೋಗ್ತಾನೆ' ಅಂದ. ಮಾರನೆಯ ದಿನ ಚಂದ್ರನ ಮೇಲೆ ಗಾಳಿ ಇಲ್ಲದಿದ್ದರೆ ಪ್ಯಾರಾಚೂಟ್ ಕೆಲಸ ಮಾಡುತ್ತದಾ ಅನ್ನುವ ಚರ್ಚೆ ಇಡೀ ಪೀರಿಯಡ್ ನಡೆಯಿತು. ಅವತ್ತು ಪ್ರೊಜೆಕ್ಟರ್ ಸರಿಯಿತ್ತು, ಯಾಕೆಂದರೆ ನಮ್ಮ ಮುಖ್ಯ ಶಿಕ್ಷಕರು ಅದನ್ನು ಬೀಗ ಹಾಕಿಡುವವರಲ್ಲ. ಇದು ಒಬ್ಬರ ಧೈರ್ಯದ ಮೇಲೆ ನಿಂತಿದೆ. ಅವರು ವರ್ಗವಾಗಿ ಹೋದರೆ ಹೇಗೋ ಏನೋ.

ಆದ್ದರಿಂದ ನನ್ನ ಬೇಡಿಕೆಗಳಲ್ಲಿ ಮೊದಲನೆಯದು ಆ ಸುತ್ತೋಲೆ. ಉಳಿದವಕ್ಕೆ ಬಜೆಟ್ ಬೇಕು, ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಹೊತ್ತು ಹಿಡಿಯುತ್ತದೆ, ಅರ್ಥವಾಗುತ್ತದೆ. ತಾಲ್ಲೂಕಿಗೊಬ್ಬ ತಂತ್ರಜ್ಞರು, ನಿರ್ವಹಣೆಗೆ ಬೇರೆ ಅನುದಾನ, ಅರ್ಥಿಂಗ್, ಕನ್ನಡದ ಸಣ್ಣ ಸಣ್ಣ ಪಾಠ ತುಣುಕುಗಳು ಒಂದೊಂದಾಗಿ ಬರಲಿ. ಆದರೆ ಬಳಸಿ ಕೆಟ್ಟ ಸಾಮಾನಿಗೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ಬರೆಯಲು ಒಂದು ರೂಪಾಯಿಯೂ ಖರ್ಚಿಲ್ಲ. ಮೇ ಕೊನೆಯ ವಾರ ಶಾಲೆಗಳು ಮತ್ತೆ ತೆರೆಯುತ್ತವೆ. ಅಷ್ಟರೊಳಗೆ ಅದನ್ನು ಹೊರಡಿಸಿ. ಬಿಇಒ ಕಚೇರಿಯ ಕಡತದಲ್ಲೇ ಉಳಿಯದೆ ಪ್ರತಿ ಶಾಲೆಯ ಮುಖ್ಯ ಶಿಕ್ಷಕರ ಕೈಗೆ ಒಂದು ಪ್ರತಿ ತಲುಪಲಿ, ಆಡಿಟ್ ಮಾಡುವವರಿಗೂ ಒಂದು ಪ್ರತಿ ಹೋಗಲಿ. ಶಾಲೆಗೆ ಭೇಟಿ ಕೊಡುವ ಅಧಿಕಾರಿಗಳು ಇನ್ನು ಮುಂದೆ 'ಪ್ರೊಜೆಕ್ಟರ್ ಇದೆಯಾ?' ಅಂತ ಕೇಳುವ ಬದಲು 'ಈ ವಾರ ಯಾವ ಪಾಠಕ್ಕೆ ಬಳಸಿದಿರಿ?' ಅಂತ ಕೇಳಲಿ. ಉತ್ತರ ಹೇಳಲು ನಾವು ಸಿದ್ಧರಿದ್ದೇವೆ.

ಗೌರವದಿಂದ,

ಸರ್ಕಾರಿ ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕಿ